ಎದೆಯ ಮೇಲಿನ ಬೀಸುಕಲ್ಲು

ಆ ಬೆಳಿಗ್ಗೆ ನಾನು ಎಲ್ಲಿ ನಿಂತು ಕೆಮ್ಮಿದೆ ಎಂಬುದೇ ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅದು ಗರಡಿಯಿಂದ ಮನೆಗೆ ಬರುವಾಗ ಸಿಗುವ ಕಾಲುವೆಯ ಏರಿ. ನೀರು ತುಂಬಿ ಹರಿಯುತ್ತಿತ್ತು, ಯಾರೋ ಎಮ್ಮೆ ತೊಳೆಯುತ್ತಿದ್ದರು. ಅಮ್ಮನನ್ನು ಕೇಳಿದರೆ, ಅಲ್ಲ, ನೀನು ಕೆಮ್ಮಿದ್ದು ನಮ್ಮ ಹಿತ್ತಲಲ್ಲಿ, ನಾನು ಪಾರಿಜಾತ ಆರಿಸುತ್ತಿದ್ದೆ, ನೀನು ಗೋಡೆ ಹಿಡಿದು ಕುಸಿದೆ ಅನ್ನುತ್ತಾಳೆ. ನನಗೆ ಎಮ್ಮೆ ಕಾಣುತ್ತದೆ, ಅವಳಿಗೆ ಪಾರಿಜಾತ ಕಾಣುತ್ತದೆ. ಕರವಸ್ತ್ರದ ಮೇಲಿದ್ದ ಕೆಂಪು ಮಾತ್ರ ಇಬ್ಬರಿಗೂ ಕಾಣುತ್ತದೆ.

ನಾನು ಮದರಾಸಿನಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮಾಡಿದವನು. ಸಾಕ್ಷಿಯ ಮಾತನ್ನು ಎಷ್ಟು ನಂಬಬೇಕು ಎಂಬುದರ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ನನ್ನ ಕಾಯಿಲೆಗೆ ನಾನೇ ಸಾಕ್ಷಿಯಾದಾಗ ಆ ಪುಟಗಳಿಂದ ಏನೂ ಉಪಯೋಗವಾಗಲಿಲ್ಲ. ಜ್ವರದಲ್ಲಿ ಕಂಡದ್ದು, ಹೆದರಿಕೆಯಲ್ಲಿ ಕಂಡದ್ದು, ಆಮೇಲೆ ಬೇರೆಯವರು ಹೇಳಿ ಹೇಳಿ ನನ್ನದೇ ಆಗಿಬಿಟ್ಟದ್ದು, ಎಲ್ಲ ಒಂದರೊಳಗೊಂದು ಕಲಸಿಹೋಗಿವೆ. ಆದರೂ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಕಿರಿಯ ಮಾಸ್ತರರೊಬ್ಬರಿಗೆ ಮೊನ್ನೆ ಎದೆಯಲ್ಲಿ ನೀರು ತುಂಬಿದೆ ಎಂದು ಗೊತ್ತಾಯಿತು. ಅವರ ಕಣ್ಣು ನೋಡಿದೆ. ಆ ಕಣ್ಣು ನನಗೆ ಪರಿಚಯದ್ದು.

ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಹೊಸಪೇಟೆಯ ಶಾಲೆಯಲ್ಲಿ ನನಗೆ ಆಗಷ್ಟೇ ಕೆಲಸ ಖಾಯಂ ಆಗಿತ್ತು. ತಂದೆ ಇರಲಿಲ್ಲ. ಮನೆಯಲ್ಲಿ ಅಮ್ಮ, ಹೆಂಡತಿ ಪದ್ಮಾ, ಇನ್ನೂ ತೊಟ್ಟಿಲು ಬಿಡದ ಮಗಳು ಇಂದೂ. ಸಂಜೆಯಾದರೆ ಮೈ ಸಣ್ಣಗೆ ಕಾಯುತ್ತಿತ್ತು. ಸೀಮೆಸುಣ್ಣದ ಧೂಳಿಗೆ ಎಂದುಕೊಂಡೆ. ಆಮೇಲೆ ಎಡಗಡೆ ಪಕ್ಕೆಯಲ್ಲಿ ಚುಚ್ಚು ಬಂತು. ಜೋರಾಗಿ ಉಸಿರು ತೆಗೆದರೆ ಯಾರೋ ಒಳಗಿನಿಂದ ಸೂಜಿ ತಿವಿದ ಹಾಗೆ. ಉಸಿರನ್ನೇ ಅರ್ಧ ಅರ್ಧ ತೆಗೆಯುವ ಅಭ್ಯಾಸ ಮಾಡಿಕೊಂಡೆ. ಕೊನೆಗೆ ಚುಚ್ಚು ತಾನೇ ನಿಂತಿತು. ವಾಸಿಯಾಯಿತು ಎಂದು ಖುಷಿಪಟ್ಟೆ. ವಾಸಿಯಾಗಿರಲಿಲ್ಲ, ಶ್ವಾಸಕೋಶಕ್ಕೂ ಪಕ್ಕೆಗೂ ನಡುವೆ ನೀರು ತುಂಬಿಕೊಂಡಿತ್ತು.

ಬಳ್ಳಾರಿಯ ಡಾಕ್ಟರರ ದವಾಖಾನೆಯಲ್ಲಿ ರೋಗಿಗಳು ಕಾಯುವುದಕ್ಕೆ ಒಂದು ಉದ್ದನೆಯ ಪಡಸಾಲೆ ಇತ್ತು. ಗೋಡೆಗುಂಟ ಬೆಂಚು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕಿವಿ ಮಾತ್ರ ಎಲ್ಲರದೂ ತೆರೆದಿರುತ್ತಿತ್ತು. ಒಬ್ಬರು ಕೆಮ್ಮಿದರೆ ಉಳಿದವರು ನೆಲ ನೋಡುತ್ತಿದ್ದರು, ಆದರೆ ಆ ಕೆಮ್ಮು ಒಣದೋ ಹಸಿಯದೋ ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದರು. ನನ್ನ ಪಕ್ಕದಲ್ಲಿ ಚೋರನೂರಿನ ಹೆಂಗಸೊಬ್ಬಳು ಕೂತಿದ್ದಳು. ಗಂಡನನ್ನು ಒಳಗೆ ಕರೆದಿದ್ದರು. ಅವಳು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗನ್ನು ಮೂಗಿಗೆ ಎಳೆದುಕೊಂಡು, ಸ್ವಲ್ಪ ಆ ಕಡೆ ಸರಿದಳು. ಕ್ಷಯದ ಗಂಡನನ್ನು ಕರೆತಂದವಳು ನನಗೆ ಹೆದರಿ ಸರಿದಳಲ್ಲ, ಅವತ್ತು ನನಗೆ ಮೊದಲ ಸಲ ನಿಜವಾಗಿ ಭಯವಾಯಿತು.

ಡಾಕ್ಟರು ತೆಲುಗಿನವರು. ಬೆನ್ನ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿನಿಂದ ತಟ್ಟಿದರು. ಬಲಗಡೆ ಖಾಲಿ ಡಬ್ಬಿಯ ಸದ್ದು, ಎಡಗಡೆ ತುಂಬಿದ ಚೀಲದ ಸದ್ದು. ನನಗೂ ಕೇಳಿಸಿತು. ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಿ ನೀರು ತೆಗೆದರು. ಗಾಜಿನ ಜಾಡಿಯಲ್ಲಿ ಅದು ಎಳ್ಳೆಣ್ಣೆಯ ಬಣ್ಣದಲ್ಲಿತ್ತು, ನನ್ನ ಮೈಯ ಬಿಸಿ ಅದಕ್ಕಿನ್ನೂ ಇತ್ತು.

"ಇದು ಕ್ಷಯವೇ ಡಾಕ್ಟರೇ?"

"ಕ್ಷಯ ಅಂತ ನಾನು ಅನ್ನಲ್ಲಂಡಿ. ಅಲ್ಲ ಅಂತಲೂ ಅನ್ನಲ್ಲ."

"ಎರಡರಲ್ಲಿ ಒಂದು ಇರಲೇಬೇಕಲ್ಲ."

"ನಿಮ್ಮ ಪುಸ್ತಕದಲ್ಲಿ ಇರಬೇಕು ಮಾಸ್ಟರುಗಾರು. ನನ್ನ ಬೆಂಚಿನ ಮೇಲೆ ಹಾಗೆ ಇರಲ್ಲ." ಕೈ ತೊಳೆಯುತ್ತ ಹೇಳಿದರು. "ಮೊದಲು ಮಲಗಿ. ಜ್ವರ ಪೂರ್ತಿ ಹೋದಮೇಲೆ ಎದ್ದು ಓಡಾಡಿ, ಉಸಿರಾಡಿ, ಎದೆ ಬೆಳೆಸಿ. ಎಡಗಡೆ ಚಪ್ಪಟೆ ಆಗಿಬಿಟ್ಟಿದೆ, ಅದು ಮತ್ತೆ ಅರಳಬೇಕು. ಅಲ್ಲಿಯವರೆಗೆ ಹೆಂಡತಿ ಮಗು ದೂರ ಇರಲಿ. ಅರಳಿತು ಅಂತ ನಾನು ಅಂದಮೇಲೆ ಕರೆಸಿಕೊಳ್ಳಿ. ಕೆಮ್ಮಿನಲ್ಲಿ ರಕ್ತ ಕಂಡರೆ ಮಾತ್ರ ಎಲ್ಲ ಬಿಟ್ಟು ಇಲ್ಲಿಗೆ ಬನ್ನಿ."

ಅವರು ಹೇಳಿದ್ದರಲ್ಲಿ ನನಗೆ ಉಳಿದದ್ದು ಆ ಕೊನೆಯ ಮಾತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ನಾನು ಉಂಡು ಎದ್ದ ಎಲೆಯ ಮೇಲೇ ಪದ್ಮಾ ಕೂತು ಬಡಿಸಿಕೊಳ್ಳುತ್ತಿದ್ದಳು. ಅಮ್ಮ ಹಾಗೇ ಬಾಳಿದವಳು, ಸೊಸೆಯೂ ಹಾಗೇ. ನಾನು ಮದರಾಸಿನಿಂದ ಬಂದ ಹೊಸದರಲ್ಲಿ ಇದು ಅನಾಗರಿಕ, ಬೇರೆ ಎಲೆ ಹಾಕಿಕೋ ಎಂದು ಭಾಷಣ ಮಾಡಿದ್ದೆ. ಪದ್ಮಾ ಪೂರ್ತಿ ಕೇಳಿಸಿಕೊಂಡು, "ಭಾಷಣ ಮುಗೀತೇನ್ರಿ? ಏಳ್ರಿ, ಅನ್ನ ಆರತದ" ಎಂದು ಅದೇ ಎಲೆಗೆ ಕೂತಿದ್ದಳು.

ಬಳ್ಳಾರಿಯಿಂದ ಬಂದ ದಿನ ನಾನು ಉಂಡು ಎದ್ದೆ. ಪದ್ಮಾ ಕೂರಲು ಬಂದಳು. ಅಮ್ಮ ಅವಳಿಗಿಂತ ಮುಂಚೆ ಬಂದು ಎಲೆಯನ್ನು ಮಡಚಿ ಎತ್ತಿಕೊಂಡು ಹಿತ್ತಲ ಗೋಡೆಯಾಚೆ ಎಸೆದಳು. ಬಾವಿಯ ಹತ್ತಿರ ನಿಂತು ಬೂದಿ ಹಚ್ಚಿ ಕೈ ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಬೇಡ ಎಂದು ನಾನೇ ಭಾಷಣ ಮಾಡಿದ್ದ ಪದ್ಧತಿ ಒಂದು ಕ್ಷಣದಲ್ಲಿ ನಿಂತುಹೋಯಿತು. ಪದ್ಮಾ ಗೋಡೆಗೆ ಒರಗಿ ನಿಂತಿದ್ದಳು. ಆ ವಾರವೇ ಅವಳ ತಂದೆ ಬಂದು ಅವಳನ್ನೂ ಮಗುವನ್ನೂ ಕಂಪ್ಲಿಗೆ ಕರೆದುಕೊಂಡು ಹೋದರು.

ಜ್ವರ ಬಿಟ್ಟು ಓಡಾಡುವಂತಾದ ಮೇಲೆ ಒಮ್ಮೆ ಕಂಪ್ಲಿಗೆ ಹೋದೆ. ಮಾವನವರು ಒಳ್ಳೆಯ ಮನುಷ್ಯ. ಜಗಲಿಯ ಮೇಲೆ ಹೊಸ ಚಾಪೆ ಹಾಸಿದ್ದರು, ಒಳಗೆ ಬನ್ನಿ ಎನ್ನಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟರು. ಬೆಳ್ಳಿ ಲೋಟದಲ್ಲಿ ಕೊಡುತ್ತಿದ್ದ ಮನೆ ಅದು. ಅವತ್ತು ಬಾಳೆ ಎಲೆಯ ದೊನ್ನೆಯಲ್ಲಿ ಬಂತು. ಕುಡಿದು ನಾನೇ ಎದ್ದು ಹೋಗಿ ತಿಪ್ಪೆಗೆ ಹಾಕಿ ಬಂದೆ.

ಪದ್ಮಾ ಬಾಗಿಲ ಒಳಗೆ ನಿಂತಿದ್ದಳು, ಇಂದೂ ಅವಳ ಸೊಂಟದ ಮೇಲೆ. ಮಗು ನನ್ನನ್ನು ನೋಡಿ ಗುರುತು ಹಿಡಿಯದೆ ತುಟಿ ಸೊಟ್ಟ ಮಾಡಿತು.

"ಅಪ್ಪ ನೋಡು, ಅಪ್ಪ" ಅಂದಳು ಪದ್ಮಾ. ಆಮೇಲೆ ನನಗೆ, "ಭಾಳ ಸೊರಗೀರಿ. ಹಾಲು ಕುಡೀತೀರೋ ಇಲ್ಲೋ?"

"ಕುಡೀತೀನಿ."

"ಸುಳ್ಳು. ಕುಡಿಯೋ ಮುಖ ಅಲ್ಲ ಅದು."

ಮಾವನವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಹೊಳೆಯ ಕಡೆ ನೋಡುತ್ತ ಹೇಳಿದರು: "ಅಳಿಯಂದ್ರ, ಸಿಟ್ಟು ಮಾಡ್ಕೋಬ್ಯಾಡ್ರಿ. ನೀವು ಹುಷಾರಾದ್ರಿ ಅಂತ ಡಾಕ್ಟರ್ ಅಂದ ದಿನ ನಾನೇ ಗಾಡಿ ಕಟ್ಟಿ ಇಬ್ಬರನ್ನೂ ಬಿಟ್ಟು ಬರ್ತೀನಿ. ಆದರ ಕೆಮ್ಮಿನಾಗ ರಕ್ತ ಕಂಡ್ರ ಮಗಳನ್ನ ಕಳಸೋ ಮಾತು ಎತ್ತಬ್ಯಾಡ್ರಿ. ನನಗ ಇರೋದು ಒಬ್ಬಳು."

ನಾನು ಆಗಲಿ ಎಂದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅಂಗಿಯೊಳಗೆ ಕೈ ಹಾಕಿ ಎಡಗಡೆಯ ಎದೆ ಮುಟ್ಟಿಕೊಂಡೆ. ಕೊರಳ ಎಲುಬಿನ ಕೆಳಗೆ ಗುಳಿ ಬಿದ್ದಿತ್ತು. ಜನಿವಾರ ನಡುವಿನವರೆಗೆ ಜೋತುಬಿದ್ದಿತ್ತು. ಆ ಗುಳಿ ತುಂಬಬೇಕು. ಅದು ತುಂಬಿದರೆ ಮಗು ನನ್ನ ತೊಡೆಯ ಮೇಲೆ ಕೂರುತ್ತದೆ, ಇಲ್ಲದಿದ್ದರೆ ಇಲ್ಲ.

ಮರುದಿನವೇ ಗರಡಿಗೆ ಹೋದೆ. ವಸ್ತಾದ ಹುಲುಗಪ್ಪ ಕಬ್ಬಿನ ಗಾಣ ನಡೆಸುವ ಮನುಷ್ಯ, ಬೆಳಿಗ್ಗೆ ಗರಡಿ ನೋಡಿಕೊಳ್ಳುತ್ತಿದ್ದ. ಗರಡಿಯ ಬಾಗಿಲು ಸೊಂಟದೆತ್ತರ, ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಸಿಂಧೂರ ಬಳಿದ ಹನುಮಪ್ಪ, ನಡುವೆ ಕೆಂಪು ಮಣ್ಣಿನ ಅಖಾಡ, ಮೂಲೆಯಲ್ಲಿ ಮರದ ಗದೆಗಳು, ಹೊಳೆಯಿಂದ ತಂದ ಗುಂಡುಕಲ್ಲುಗಳು.

"ಏನ್ರಿ ಮಾಸ್ತರ, ಹುಡುಗರು ಸಾಲಿ ತಪ್ಪಿಸಿ ಇಲ್ಲಿಗೆ ಬಂದಾರೇನ್ರಿ?"

"ನಾನೇ ಬಂದೀನಿ. ಎದೆ ಬೆಳೆಸಬೇಕು."

ಅವನು ನಗಲಿಲ್ಲ. ಅಂಗಿ ತೆಗೆಯಲು ಹೇಳಿದ. ಗುಳಿಯೊಳಗೆ ಬೆರಳಿಟ್ಟು ನೋಡಿ, "ಇಲ್ಲಿ ಗುಬ್ಬಿ ಗೂಡು ಕಟ್ಟಬಹುದು ನೋಡ್ರಿ" ಅಂದ. ಆಗ ಗರಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನೀರಿನ ವಿಷಯ, ಸೂಜಿಯ ವಿಷಯ ಹೇಳಿದೆ. ನಗು ನಿಂತಿತು. ಒಬ್ಬಿಬ್ಬರು ಹಿಂದಕ್ಕೆ ಸರಿದರು. ಹುಲುಗಪ್ಪ ಸರಿಯಲಿಲ್ಲ.

"ಲೇ, ದೂರ ಯಾಕ ನಿಂತೀರಿ? ಮಾಸ್ತರ ಕಚ್ಚತಾರೇನು?" ಎಂದು ಅವರನ್ನು ಗದರಿ, ನನಗೆ ಹೇಳಿದ: "ನೀರು ತಗದಾರ ಅಂದ್ರ ಜಾಗ ಖಾಲಿ ಐತಿ. ಒಳಗ ಉಸುರು ತುಂಬ್ರಿ, ಹೊರಗ ಮಾಂಸ ಹಚ್ಚೂಣು. ಜಲ್ದಿ ಮಾತ್ರ ಮಾಡಬ್ಯಾಡ್ರಿ."

ಮೊದಲು ಗೋಡೆಗೆ ಅಂಗೈ ಒತ್ತಿ ತಳ್ಳುವುದು. ಆಮೇಲೆ ನೆಲಕ್ಕೆ ಕೈಯೂರಿ ದಂಡ ಹೊಡೆಯುವುದು. ಮೊದಲ ದಿನ ಎದ್ದು ನಿಲ್ಲುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ನನ್ನ ವಿದ್ಯಾರ್ಥಿಗಳ ವಯಸ್ಸಿನವರು ನನ್ನ ಪಕ್ಕದಲ್ಲಿ ದಂಡ ಹೊಡೆದು ಬೆವರು ಒರೆಸಿಕೊಳ್ಳುತ್ತಿದ್ದರು, ನಾನು ಹನುಮಪ್ಪನ ಕಟ್ಟೆಗೆ ಒರಗಿ ನಾಡಿ ಹಿಡಿದು ಕೂತಿರುತ್ತಿದ್ದೆ. ಒಳಗಡೆ ಏನೋ ಹರಿಯಿತೇ, ಬಿಟ್ಟಿತೇ ಎಂದು ಆಲಿಸುವುದೇ ನನ್ನ ಕಸರತ್ತಾಗಿತ್ತು. ಮದರಾಸಿನಲ್ಲಿ ನನಗೆ ಆತ್ಮದ ಮೇಲೆ ನಂಬಿಕೆ ಹೋಗಿತ್ತು. ಗರಡಿಯಲ್ಲಿ ಪಕ್ಕೆಲುಬಿನ ಮೇಲೂ ಹೋಯಿತು.

ಮೊಟ್ಟೆ ತಿನ್ನಬೇಕು ಎಂದು ಹುಲುಗಪ್ಪ ಹೇಳಿಕಳಿಸಿದ. ಅಮ್ಮ ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಳು: "ಆ ಹುಲುಗಪ್ಪಗ ಹೇಳು, ಹನುಮಪ್ಪ ಮೊಟ್ಟಿ ತಿಂದು ಲಂಕಾಕ್ಕ ಹಾರಲಿಲ್ಲ ಅಂತ."

ಅದನ್ನು ಕೇಳಿ ಹುಲುಗಪ್ಪ ಕೈಮುಗಿದ. "ಖರೇ ಐತ್ರಿ. ಆದರ ಹನುಮಪ್ಪಗ ಎದಿಯಾಗ ನೀರು ತುಂಬಿರಲಿಲ್ಲ ಅಂತ ಅಮ್ಮಾರಿಗೆ ಹೇಳ್ರಿ."

ಕೊನೆಗೆ ನೆನೆಸಿದ ಕಡಲೆ, ಶೇಂಗಾ, ಬೆಲ್ಲ, ಕಾಯಿಸಿದ ಹಾಲು ಎಂದು ಇಬ್ಬರಿಗೂ ರಾಜಿಯಾಯಿತು. ಕಟ್ಟಿಹಾಕಿದ ಎತ್ತಿಗೆ ಮೇವು ಹಾಕಿದ ಹಾಗೆ ಅಮ್ಮ ನನಗೆ ಹಾಕಿದಳು.

ಗದೆ ತಿರುಗಿಸುವುದು ಬಂದಮೇಲೆ ಹಲಗೆಯ ಸರದಿ ಬಂತು. ಗಟ್ಟಿ ಮರದ ಕೋಲಿನ ಎರಡು ತುದಿಗೂ ಒಂದೊಂದು ಸವೆದ ಬೀಸುಕಲ್ಲನ್ನು ನಡುವಿನ ತೂತಿನಿಂದ ತೂರಿಸಿ ಬೆಣೆ ಹೊಡೆದಿದ್ದರು. ಹಲಗೆಯ ಮೇಲೆ ಅಂಗಾತ ಮಲಗಬೇಕು. ಇಬ್ಬರು ಎರಡು ಕಡೆ ನಿಂತು ಆ ಕೋಲನ್ನು ಕೈಗೆ ಕೊಡುತ್ತಾರೆ. ಎದೆಗೆ ತಾಗುವವರೆಗೆ ಇಳಿಸಿ, ಉಸಿರು ಬಿಡುತ್ತ ಮೇಲೆತ್ತಬೇಕು. ನನಗೆಂದು ಹುಡುಕಿ ತಂದದ್ದು ಮಕ್ಕಳಾಟಿಕೆಯಂಥ ಎರಡು ಸಣ್ಣ ಕಲ್ಲು. ಆದರೂ ಕೋಲು ಎದೆಗೆ ತಾಗಿದಾಗ ನನ್ನ ಮೈ ತಣ್ಣಗಾಯಿತು. ಸೂಜಿ ಇಳಿದಿದ್ದ ಜಾಗ ಕೆಳಗೆ ಹಲಗೆಗೆ ಒತ್ತುತ್ತಿತ್ತು. ಈಗ ಎತ್ತಲಾಗದಿದ್ದರೆ ಕಲ್ಲು ಇಲ್ಲೇ ಇರುತ್ತದೆ ಎನಿಸಿತು.

"ಉಸುರು ಹಿಡೀಬ್ಯಾಡ್ರಿ! ಬಿಡ್ರಿ, ಬಿಡಕೋತ ಎತ್ತ್ರಿ!"

ಬಿಟ್ಟೆ. ಕಲ್ಲು ಎದ್ದಿತು. ತಿಂಗಳುಗಳಿಂದ ಅರ್ಧ ಅರ್ಧ ತೆಗೆಯುತ್ತಿದ್ದ ಉಸಿರು ಅವತ್ತು ಪೂರ್ತಿ ಹೊರಗೆ ಹೋಗಿ, ಪೂರ್ತಿ ಒಳಗೆ ಬಂತು. ಅಷ್ಟು ಗಾಳಿ ನನ್ನೊಳಗೆ ಹಿಡಿಸುತ್ತದೆ ಎಂಬುದು ನನಗೆ ಮರೆತೇಹೋಗಿತ್ತು.

ಆ ಚಳಿಗಾಲ, ಆಮೇಲಿನ ಬೇಸಿಗೆ, ಕಲ್ಲುಗಳು ದೊಡ್ಡವಾದವು. ಗುಳಿ ನಿಧಾನವಾಗಿ ತುಂಬಿತು. ಮೊದಲು ಎಲುಬಿನ ಅಂಚು ಮಾಯವಾಯಿತು, ಆಮೇಲೆ ಮುಟ್ಟಿದರೆ ಕೈಗೆ ಮಾಂಸ ಸಿಕ್ಕಿತು. ಜನಿವಾರ ಮೇಲೇರಿ ಬಂತು. ಅಂಗಿಯ ಗುಂಡಿ ಎಳೆಯತೊಡಗಿದಾಗ ಅಮ್ಮ ದೃಷ್ಟಿ ತೆಗೆದಳು. ಮಳೆಗಾಲ ಹಿಡಿದಿತ್ತು. ಪಂಚಮಿ ಮುಗಿದಮೇಲೆ ಬಳ್ಳಾರಿಗೆ ಹೋಗಿ ಡಾಕ್ಟರರಿಗೆ ಎದೆ ತೋರಿಸುವುದು ಎಂದಾಯಿತು. ಕಂಪ್ಲಿಯಲ್ಲಿ ಪದ್ಮಾ ಪೆಟ್ಟಿಗೆ ಜೋಡಿಸುತ್ತಿದ್ದಾಳೆ ಎಂದು ಬಂದವರೊಬ್ಬರು ಹೇಳಿದರು.

ಪಂಚಮಿಯ ಕುಸ್ತಿಗೆ ಮೊದಲು ನಮ್ಮ ಗರಡಿಯಲ್ಲಿ ಹಳೆಯ ಮಣ್ಣು ತೆಗೆದು ಹೊಸ ಮಣ್ಣು ತುಂಬುತ್ತಾರೆ. ಮಣ್ಣು ಸಂಡೂರಿನ ಗುಡ್ಡದ್ದೇ ಆಗಬೇಕು. ಗಾಡಿಗಳಲ್ಲಿ ತಂದು ಸುರಿದು, ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ತುಳಿಯುತ್ತಾರೆ. ಜರಡಿ ಹಿಡಿಯುವ ದಿನ ಗರಡಿಯೊಳಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅಷ್ಟೂ ಕೆಂಪು ಧೂಳು. ಹೊಸ ಮಣ್ಣಿಗೆ ಇಳಿಯುವ ಮುಂಚೆ ಎಲ್ಲರೂ ಒಂದು ಚಿಟಿಕೆ ಹಣೆಗೆ ಹಚ್ಚಿ, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಳ್ಳುತ್ತಾರೆ. ನಾನೂ ಹಾಕಿಕೊಂಡೆ. ಅದೇ ದಿನ ಹಲಗೆಯ ಮೇಲೆ ಹೊಸ ಜೋಡಿ ಕಲ್ಲನ್ನು, ಅದುವರೆಗಿನದಕ್ಕಿಂತ ದೊಡ್ಡದನ್ನು, ಎತ್ತಿದೆ. ಇಷ್ಟು ಖಂಡಿತ. ಅಥವಾ ಖಂಡಿತ ಎಂದು ನಾನು ಅಂದುಕೊಂಡಿದ್ದೇನೆ.

ಮರುದಿನವೋ, ಅದರ ಮರುದಿನವೋ, ಕಾಲುವೆಯ ಏರಿಯ ಮೇಲೋ, ಹಿತ್ತಲಲ್ಲೋ, ಕೆಮ್ಮಿದೆ. ಕರವಸ್ತ್ರ ತೆಗೆದು ನೋಡಿದರೆ ಕೆಂಪು.

ಕರವಸ್ತ್ರವನ್ನು ಮಡಚಿದೆ, ಮತ್ತೆ ಬಿಚ್ಚಿದೆ, ಮತ್ತೆ ಮಡಚಿದೆ. ನೋಡದಿದ್ದರೆ ಇರುವುದಿಲ್ಲವೇನೋ ಎಂಬಂತೆ. ಅಮ್ಮ ಕಿತ್ತುಕೊಂಡು ನೋಡಿ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಳ್ಳಾರಿಗೆ ಹೇಳಿಕಳಿಸಿದರೆ ಡಾಕ್ಟರು ರಜೆಯ ಮೇಲೆ ಮದರಾಸಿಗೆ ಹೋಗಿದ್ದರು, ಹಬ್ಬ ಕಳೆದೇ ಬರುವುದಂತೆ. ಹೊಸಪೇಟೆಯಲ್ಲಿ ಇನ್ನೊಬ್ಬರಿಗೆ ತೋರಿಸಬಹುದಿತ್ತು. ತೋರಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಕಂಪ್ಲಿಗೂ ಗೊತ್ತಾಗುತ್ತದೆ ಎಂದು ಅಮ್ಮ ತಡೆದಳು. ನಾನು ಮಲಗಿದೆ. ಕರವಸ್ತ್ರ ದಿಂಬಿನ ಕೆಳಗೆ. ಕೆಮ್ಮು ಬಂದರೆ ಬಾಯಿಗೆ ಶಲ್ಯ ತುರುಕಿ ತಡೆಯುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಗಾಜಿನ ಜಾಡಿ ಕಾಣುತ್ತಿತ್ತು, ಈ ಸಲ ಬಣ್ಣ ಬೇರೆ. ಒಂದು ವರ್ಷದಲ್ಲಿ ಕಟ್ಟಿದ್ದ ಎದೆ ಆ ದಿನಗಳಲ್ಲಿ ನನ್ನ ಕೈಯ ಕೆಳಗೇ ಕರಗಿತು ಅನ್ನಿಸುತ್ತಿತ್ತು. ಗರಡಿಗೆ ಉಟ್ಟು ಹೋಗಿದ್ದ ಪಂಚೆ, ಲಂಗೋಟಿ ಮಣ್ಣಾಗಿ ಬಚ್ಚಲ ಮೂಲೆಯಲ್ಲೇ ಬಿದ್ದಿದ್ದವು. ಅಮ್ಮ ಮುಟ್ಟಲಿಲ್ಲ.

ಹುಲುಗಪ್ಪ ಬಂದ. ಅಂಗಳದಲ್ಲೇ ನಿಂತ. ಅಷ್ಟು ದೊಡ್ಡ ದೇಹ ಕಿಟಕಿಯ ಸರಳಿನಾಚೆ ಕುಗ್ಗಿ ಕಾಣುತ್ತಿತ್ತು.

"ಮಾಸ್ತರ, ಆ ಕಲ್ಲು ನಾನು ಹಾಕಬಾರದಿತ್ತ್ರಿ."

"ನಾನೇ ಕೇಳಿದ್ದಲ್ಲೇನಪ್ಪ?"

"ನೀವು ಕೇಳತೀರಿ. ಕೊಡಬಾರದು ಅನ್ನೋದು ನನಗ ತಿಳೀಬೇಕಿತ್ತು." ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, "ಆ ಜೋಡಿ ಕಲ್ಲು ಹೊರಗ ಹಾಕಿಸೀನ್ರಿ. ಇನ್ಮ್ಯಾಲ ಯಾರೂ ಎತ್ತೂದು ಬ್ಯಾಡ" ಅಂದ. ಅವನೂ ಹೆದರಿದ್ದ. ಅವನು ಹೆದರಿದ್ದನ್ನು ನೋಡಿ ನನ್ನ ಕೊನೆಯ ಧೈರ್ಯವೂ ಹೋಯಿತು.

ಎಷ್ಟು ದಿನ ಹೀಗೆ ಮಲಗಿದ್ದೆ ಎಂದು ಹೇಳಲಾರೆ. ಒಂದು ಮಧ್ಯಾಹ್ನ ಕಣ್ಣು ಬಿಟ್ಟರೆ ಬಾಗಿಲಲ್ಲಿ ಪದ್ಮಾ. ಕೈಯಲ್ಲಿ ಗಂಟು, ಮುಖದ ಮೇಲೆ ಬಸ್ಸಿನ ಧೂಳು. ಜ್ವರದ ಚಿತ್ರ ಎಂದುಕೊಂಡೆ. ಆದರೆ ಚಿತ್ರ ಬೈಯುವುದಿಲ್ಲ.

"ಇದೇನ್ರಿ ಅವತಾರ? ಉಪವಾಸ ಬಿದ್ದು ಸಾಯೋ ವಿಚಾರ ಮಾಡೀರೇನು?"

"ಯಾರು ಹೇಳಿದರು ನಿನಗೆ?"

"ಯಾರರ ಹೇಳ್ತಾರ. ಹೊಳಿ ಹರಿದಂಗ ಸುದ್ದಿ ಹರೀತದ."

"ಇಂದೂ?"

"ಕಂಪ್ಲ್ಯಾಗ ಅವ್ವನ ಹತ್ರ ಬಿಟ್ಟೀನಿ. ಹಲ್ಲು ಬರಾಕತ್ತಾವ, ಮೈ ಬಿಸಿ. ಬಸ್ಸಿನ್ಯಾಗ ಬ್ಯಾಡ ಅಂದೆ." ಹೇಳುತ್ತಲೇ ಕೈ ಚಾಚಿದಳು. "ಎಲ್ಲದ ಆ ಕರವಸ್ತ್ರ? ಕೊಡ್ರಿ ಇಲ್ಲಿ."

ದಿಂಬಿನ ಕೆಳಗಿನಿಂದ ತೆಗೆದುಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಅದನ್ನು ಹಿಡಿದುಕೊಂಡು ಬಚ್ಚಲಿಗೆ ಹೋದಳು. ನೀರು ಸುರಿಯುವ ಸದ್ದು ಕೇಳಿಸಿತು. ಬಹಳ ಹೊತ್ತಾಯಿತು. ಬಂದಾಗ ಕೈಯಲ್ಲಿ ಹಿತ್ತಾಳೆಯ ಬಟ್ಟಲಿತ್ತು. ಅದರಲ್ಲಿ ಕೆಂಪು ನೀರು.

"ಅಲ್ಲಾಡಿಸಬ್ಯಾಡ್ರಿ. ನೋಡ್ರಿ ಸುಮ್ಮನ."

ನೋಡಿದೆ. ಮೇಲಿನ ನೀರು ನಿಧಾನವಾಗಿ ತಿಳಿಯಾಯಿತು. ತಳದಲ್ಲಿ ತೆ‌ಳ್ಳಗೆ ಕೆಂಪು ಕೂತಿತ್ತು. ಅವಳು ನನ್ನ ಬೆರಳು ಹಿಡಿದು ತಳಕ್ಕೆ ಒತ್ತಿದಳು. ಮರಳು ಮರಳು.

"ರಕ್ತ ತಳಾ ಕೂಡತದೇನ್ರಿ? ಬಿ.ಎ. ಬ್ಯಾರೆ ಓದೀರಿ. ಸಂಡೂರು ಮಣ್ಣು ತಿಂದು ಮಣ್ಣು ಕೆಮ್ಮೀರಿ."

ನನಗೆ ನಗು ಬಂತೋ ಅಳು ಬಂತೋ ತಿಳಿಯದು. ಅಮ್ಮ ಬಂದು ಬಟ್ಟಲಿಗೆ ಬೆರಳದ್ದಿ ನೋಡಿ, "ಮಣ್ಣ! ಅಯ್ಯೋ ನನ್ನಪ್ಪ, ಹನುಮಪ್ಪ, ಮಣ್ಣ!" ಎಂದು ಕೂತೇಬಿಟ್ಟಳು.

"ಕರವಸ್ತ್ರ ಎಲ್ಲಿ?" ಎಂದೆ.

"ಒಲಿಗೆ ಹಾಕಿದೆ. ಆ ಮಣ್ಣಿನ ಕಲಿ ಎಲ್ಲಿ ಹೋಗತದ?"

ಸಾಕ್ಷಿಯನ್ನು ಎರಡು ಸಲ ಪರೀಕ್ಷಿಸಬೇಕು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವನು ನಾನು. ಅವತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳುವ ಶಕ್ತಿ ಇರಲಿಲ್ಲ. ಆ ಸಂಜೆ ಮೊಸರನ್ನ ಉಂಡೆ, ಮಲಗಿದೆ, ನಿದ್ದೆ ಬಂತು.

ಕಂಪ್ಲಿಗೂ ಮಣ್ಣಿನ ಕಥೆ ಹೋಯಿತು. ಮಾವನವರು ನಕ್ಕರಂತೆ. ಪದ್ಮಾ ಇಲ್ಲೇ ಉಳಿದಳು. ಆದರೆ ನನ್ನ ಎಲೆಗೆ ಕೂರಲಿಲ್ಲ. ಡಾಕ್ಟರರು ವಾಸಿ ಅನ್ನುವವರೆಗೆ ಬೇರೆ ಎಲೆಯಲ್ಲಿ ಊಟ ಎಂದು ಹಂಪಿಯ ಹನುಮಪ್ಪನಿಗೆ ಹರಕೆ ಹೊತ್ತಿದ್ದೇನೆ ಅಂದಳು. ವ್ರತದ ಮಾತಿಗೆ ಅಮ್ಮ ಎದುರಾಡುವುದಿಲ್ಲ. ಹಾಸಿಗೆಯನ್ನೂ ನಡುಮನೆಯಲ್ಲಿ ಬೇರೆ ಹಾಸಿಕೊಂಡಳು, ಅದೂ ವ್ರತವಂತೆ. ನನ್ನ ಲೋಟ, ಬಟ್ಟಲಿಗೆ ದಿನಾ ಕುದಿಯುವ ನೀರು ಸುರಿಯುತ್ತಿದ್ದಳು. ಗರಡಿಗೆ ಹೊರಟರೆ, "ಈಗ ಬ್ಯಾಡ್ರಿ, ಬಳ್ಳಾರಿಗೆ ಹೋಗಿ ಬಂದಮ್ಯಾಲ" ಅನ್ನುತ್ತಿದ್ದಳು. ಇಂದೂವನ್ನು ಕರೆತರುವ ಮಾತು ಬಂದರೆ ಮಗುವಿಗೆ ಇನ್ನೊಂದು ಹಲ್ಲು ಬರುತ್ತಿತ್ತು.

ಡಾಕ್ಟರು ರಜೆಯಿಂದ ಬಂದಮೇಲೆ ಇಬ್ಬರೂ ಬಳ್ಳಾರಿಗೆ ಹೋದೆವು. ಅದೇ ಪಡಸಾಲೆ, ಅದೇ ಬೆಂಚು. ತನಗೆ ತಲೆಸುತ್ತು, ಮೊದಲು ತಾನು ತೋರಿಸಿ ಬರುತ್ತೇನೆ ಎಂದು ಪದ್ಮಾ ಒಳಗೆ ಹೋದಳು. ತಲೆಸುತ್ತಿಗೆ ಇಷ್ಟು ಹೊತ್ತು ಬೇಕೇ ಎಂದು ನಾನು ಹೊರಗೆ ಕೂತು ಬೇಸರಪಟ್ಟೆ. ಆಮೇಲೆ ನನ್ನನ್ನು ಕರೆದರು. ಡಾಕ್ಟರು ಎದೆಗೆ ಟೇಪು ಹಿಡಿದರು. ಉಸಿರು ತೆಗೆಯಿರಿ, ಬಿಡಿ. ಮತ್ತೆ ತೆಗೆಯಿರಿ. ಬೆನ್ನು ತಟ್ಟಿದರು. ಎರಡೂ ಕಡೆ ಒಂದೇ ಸದ್ದು.

"ಕಲ್ಲು ಎತ್ತಿದ್ದೀರಂತೆ. ಎದೆ ಚೆನ್ನಾಗಿ ಬಂದಿದೆಯಂಡಿ. ಆದರೂ ಕಫ ಕೊಡಿ, ನೋಡೋಣ."

"ಅದು ಬರೀ ಮಣ್ಣು ಡಾಕ್ಟರೇ."

"ಮಣ್ಣೇ. ನಮ್ಮ ಪದ್ಧತಿ ಅದು, ನೋಡಲೇಬೇಕು."

ಮಣ್ಣಿಗಾಗಿ ಅವರು ಮತ್ತೆ ಮತ್ತೆ ಕಫ ತರಿಸಿಕೊಂಡರು. ಬರಬೇಡಿ ಎನ್ನುವವರೆಗೆ ಚಳಿಗಾಲ ಬಂದಿತ್ತು. ಕೊನೆಯ ಸಲ ಅವರು ಮಾತಾಡಿದ್ದು ನನ್ನ ಕಡೆ ನೋಡಿಯಲ್ಲ, ಬಾಗಿಲಲ್ಲಿ ನಿಂತಿದ್ದ ಪದ್ಮಾಳ ಕಡೆ ನೋಡಿ: "ಮಗುವನ್ನ ಕರೆಸಿಕೊಳ್ಳಮ್ಮಾ."

ಮಾವನವರು ಮಾತಿಗೆ ತಪ್ಪಲಿಲ್ಲ, ಗಾಡಿ ಕಟ್ಟಿಸಿಕೊಂಡು ಬಂದರು. ಇಂದೂ ಮೊದಲು ಅತ್ತಳು, ಆಮೇಲೆ ನನ್ನ ಜನಿವಾರ ಹಿಡಿದು ಎಳೆದಳು. ಅವತ್ತು ನಾನು ಉಂಡು ಎದ್ದ ಮೇಲೆ ಪದ್ಮಾ ನನ್ನ ಎಲೆಗೆ ಕೂತಳು. ಅದು ಕೆಟ್ಟ ಪದ್ಧತಿ ಎಂದೇ ಈಗಲೂ ನನ್ನ ಅಭಿಪ್ರಾಯ. ಅವತ್ತು ಮಾತ್ರ ಭಾಷಣ ಮಾಡಲಿಲ್ಲ.

ಗರಡಿಗೆ ಮತ್ತೆ ಹೋದೆ. ಹುಲುಗಪ್ಪ ಸಣ್ಣ ಕಲ್ಲಿನಿಂದಲೇ ಮತ್ತೆ ಶುರುಮಾಡಿಸಿದ. ಈಗ ಮೈ ದೊಡ್ಡದಾಗಿದೆ, ಕೆಲಸ ಸಿಕ್ಕಾಗ ಹೊಲಿಸಿದ ಕರಿ ಕೋಟು ಎದೆಗೆ ಮುಚ್ಚುವುದಿಲ್ಲ. ಆದರೂ ಶೀತವಾದರೆ ಇಂದಿಗೂ ಕರವಸ್ತ್ರವನ್ನು ಬಿಚ್ಚಿ ನೋಡದೆ ಮಡಚಲಾರೆ.

ಯುದ್ಧ ಮುಗಿದಿದೆ. ಹೋದ ವರ್ಷ ನಮ್ಮ ಬಚ್ಚಲ ಗೋಡೆ ವಾಲಿತ್ತೆಂದು ಕೆಡವಿಸಿದೆ. ಹಂಡೆಯ ಒಲೆಯ ಹಿಂದಿನ ಕಲ್ಲು ತೆಗೆದಾಗ ಸಂದಿಯಲ್ಲಿ ಒಂದು ಬಟ್ಟೆ ಸಿಕ್ಕಿತು. ಮಸಿ ಹಿಡಿದು ಗರಿಗರಿಯಾಗಿತ್ತು. ಒದರಿದೆ. ಕರವಸ್ತ್ರ. ಅಂಚಿನಲ್ಲಿ ಅಗಸರು ನಮ್ಮ ಮನೆಯ ಬಟ್ಟೆಗೆ ಹಾಕುವ ಗುರುತು ಇತ್ತು. ನೀರಿಗೆ ಅದ್ದಿದ ಬಟ್ಟೆಯಲ್ಲ ಅದು. ಕಲೆಯ ಅಂಚು ಹಾಗೇ ಇತ್ತು. ಅವತ್ತು ಇದೇ ಬಚ್ಚಲ ಮೂಲೆಯಲ್ಲಿ ಬಿದ್ದಿದ್ದ ಮಣ್ಣಾದ ಪಂಚೆ ನೆನಪಾಯಿತು.

ಮಸಿ ಹಿಡಿದ ಮೇಲೆ ಕಲೆಯ ಬಣ್ಣವನ್ನು ಕಣ್ಣಳತೆಯಲ್ಲಿ ನಂಬಬಾರದು ಎಂದುಕೊಂಡೆ. ಪದ್ಮಾಳನ್ನು ಕೇಳಬಹುದಿತ್ತು. ನೆನಪಿಲ್ಲ ಅನ್ನುತ್ತಾಳೆ. ನೆನಪಿದೆ ಅಂದರೂ, ನೆನಪಿನ ವಿಷಯದಲ್ಲಿ ನನ್ನ ಅಭಿಪ್ರಾಯ ಮೊದಲೇ ಹೇಳಿದ್ದೇನೆ. ಅದಕ್ಕೇ ಕೇಳದೆ ಪರೀಕ್ಷೆ ಮಾಡಿದೆ. ಹೊಸ ಬಿಳಿ ಬಟ್ಟೆಯ ಒಂದು ಮೂಲೆಗೆ ಗರಡಿಯ ಮಣ್ಣನ್ನು ಉಗುಳಿನಲ್ಲಿ ಕಲಸಿ ಹಚ್ಚಿದೆ. ಇನ್ನೊಂದು ಮೂಲೆಗೆ ಬೆರಳು ಚುಚ್ಚಿ ರಕ್ತ ಹಚ್ಚಿದೆ. ಹೊಸ ಗೋಡೆಯಲ್ಲಿ ಅದೇ ಜಾಗದಲ್ಲಿ, ಒಲೆಯ ಹಿಂದೆ, ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಇಟ್ಟೆ.

ಮೊನ್ನೆ, ಆ ಕಿರಿಯ ಮಾಸ್ತರರನ್ನು ನೋಡಿ ಬಂದ ದಿನ, ಪದ್ಮಾ ಇಂದೂಗೆ ಜಡೆ ಹಾಕುತ್ತಿದ್ದಾಗ ಅದನ್ನು ತೆಗೆದೆ. ಮಸಿ ಒದರಿ ಹಳೆಯದರ ಪಕ್ಕದಲ್ಲಿ ಹಿತ್ತಲ ಬಿಸಿಲಿನಲ್ಲಿ ಹರಡಿದೆ. ಸಂಡೂರಿನ ಮಣ್ಣು ಹಚ್ಚಿದ ದಿನದ ಹಾಗೇ ಕೆಂಪಾಗಿತ್ತು. ರಕ್ತ ಕಂದು ಬಣ್ಣಕ್ಕೆ ತಿರುಗಿತ್ತು. ಹಳೆಯ ಕರವಸ್ತ್ರದ ಕಲೆಯೂ ಕಂದು.